ರಾಹೇಲಮ್ಮ ಬೇಡವೆಂದ ತೀರ್ಥ

1978ರಲ್ಲಿ ನಾನು ಕುಣಿಗಲ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಅದಕ್ಕೂ ಮೊದಲು ಗುಬ್ಬಿಯಲ್ಲಿದ್ದೆ. ಬಾಯಿ ಸ್ವಲ್ಪ ಜೋರಾದ್ದರಿಂದ ಎಲ್ಲೂ ಹೆಚ್ಚು ಕಾಲ ನಿಂತವಳಲ್ಲ. ಮದುವೆಯಾಗಿರಲಿಲ್ಲ, ಕ್ವಾರ್ಟರ್ಸ್‌ನಲ್ಲಿ ಒಬ್ಬಳೇ ಇರುತ್ತಿದ್ದೆ. ಡ್ಯೂಟಿ ಮುಗಿಸಿ ಹೋದರೆ ಸದ್ದು ಮಾಡುವುದು ಸೀಮೆಎಣ್ಣೆ ಸ್ಟವ್ ಒಂದೇ.

ಆ ವರ್ಷ ಮಳೆಗಾಲದ ಕೊನೆಯಲ್ಲಿ ಹೆಂಗಸರ ವಾರ್ಡಿಗೆ ರಾಹೇಲಮ್ಮ ಬಂದರು. ಅನ್ನನಾಳದ ಕ್ಯಾನ್ಸರ್. ಬೆಂಗಳೂರಿನಲ್ಲಿ ತೋರಿಸಿಯಾಗಿತ್ತು; ಇನ್ನು ಮಾಡುವಂಥದ್ದೇನಿಲ್ಲ ಎಂದು ಅಲ್ಲಿನ ಡಾಕ್ಟರು ಕೈಚೆಲ್ಲಿದ್ದರು. ಗಂಜಿ ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಡ್ರಿಪ್ ಹಾಕಿ ಮಲಗಿಸಿದ್ದೆವು. ಕರೆತಂದವನು ಅವರ ಅಣ್ಣನ ಮಗ ನಂಜೇಗೌಡ, ಹುತ್ರಿದುರ್ಗದ ಹತ್ತಿರ ರಾಗಿ ಬೆಳೆಯುವವನು. ಅವನ ಮನೆಯಲ್ಲಿ ಎಲ್ಲರೂ ಹಿಂದೂಗಳು, ಈಕೆಯೊಬ್ಬರೇ ಕ್ರೈಸ್ತರು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ತುಮಕೂರಿನ ಮಿಷನ್ ಬೋರ್ಡಿಂಗ್‌ನಲ್ಲಿ ಅಡುಗೆ ಕೆಲಸಕ್ಕೆ ಸೇರಿ, ಅಲ್ಲೇ ದೀಕ್ಷಾಸ್ನಾನ ಪಡೆದು, ರಂಗಮ್ಮನಾಗಿದ್ದವರು ರಾಹೇಲಮ್ಮನಾದರು. ಕೈಲಾಗದ ಕಾಲಕ್ಕೆ ಅಣ್ಣನ ಮನೆಗೆ ಮರಳಿದ್ದರು. ಮನೆಯವರು ಅವರನ್ನು ಹೀಗಳೆಯಲಿಲ್ಲ. ಆದರೆ ಪೂಜೆಯ ದಿನ ಇವರು ತಮ್ಮ ಕೋಣೆಯಲ್ಲಿ ಒಬ್ಬರೇ ಕೂರಬೇಕಿತ್ತು, ಭಾನುವಾರ ಇವರ ಪ್ರಾರ್ಥನೆಗೂ ಇವರೊಬ್ಬರೇ.

ವಾರ್ಡಿನಲ್ಲೂ ಅದೇ ಆಯಿತು. ಭಾನುವಾರ ಬೆಳಿಗ್ಗೆ ನನ್ನಿಂದ ತಲೆ ಬಾಚಿಸಿಕೊಂಡು, ಮಂಚದ ಮೇಲೆ ದಿಂಬಿಗೆ ಒರಗಿ ಸಣ್ಣ ದನಿಯಲ್ಲಿ ಹಾಡುತ್ತಿದ್ದರು. ಅಕ್ಕಪಕ್ಕದ ಹೆಂಗಸರು ಮೊದಲು ಮುಸಿಮುಸಿ ನಕ್ಕರು, ಆಮೇಲೆ ಅವರಿಗೂ ರೂಢಿಯಾಯಿತು. ಜೊತೆಗೆ ದನಿ ಸೇರಿಸುವವರು ಮಾತ್ರ ಯಾರೂ ಇರಲಿಲ್ಲ. ಅವರ ಚರ್ಚಿನ ಪಾಸ್ಟರಿಗೆ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯ ಓಡಾಟ. ಒಮ್ಮೆ ಬಂದು, ಯೇಸುವಿನ ನೆನಪಿಗೆ ಕೊಡುವ ಪ್ರಭುಭೋಜನದ ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿ ಹೋದರು. ಅಂದು ರಾಹೇಲಮ್ಮನ ಮುಖ ಗೆಲುವಾಗಿತ್ತು. ಮರುದಿನ ನೋಡಿದರೆ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಸಂಕಟವಾದರೆ ನನಗೆ ಬರುವುದು ಸಿಟ್ಟು.

“ಇಷ್ಟು ನೋವು ಕೊಟ್ಟೋನನ್ನ ಇನ್ನೂ ಕರೀತೀರಲ್ಲ, ಅವನು ಕೇಳಿಸ್ಕೊತಾನಾ?” ಎಂದೆ.

“ಗೊತ್ತಿಲ್ಲ ಕಣಮ್ಮ,” ಎಂದರು ರಾಹೇಲಮ್ಮ. “ಬೋರ್ಡಿಂಗ್ನಲ್ಲಿದ್ದಾಗ ಕೇಳಿಸ್ಕೊತವ್ನೆ ಅನ್ನಿಸ್ತಿತ್ತು. ಈಗ ಸುಮ್ಕಿರ್ತಾನೆ. ಅವ್ನು ಸುಮ್ಕವ್ನೆ ಅಂತ ನಾನೂ ಸುಮ್ಕಿರಕ್ಕಾಯ್ತದಾ?”

ಆಮೇಲೆ ನನ್ನ ಕೈ ಹಿಡಿದುಕೊಂಡರು. “ನಂಗೆ ಎಚ್ಚರ ತಪ್ಪಿದ ಮ್ಯಾಕೆ ನಂಜ ತೀರ್ಥ ತರ್ತಾನೆ. ಪ್ರೀತಿ ಅವ್ನಿಗೆ, ತಂದೇ ತರ್ತಾನೆ. ಬಾಯಿಗೆ ಹಾಕಕ್ಕೆ ಬುಡಬ್ಯಾಡ. ಇಷ್ಟು ದಿನ ಯೇಸಪ್ಪನೋಳಾಗಿ ಬದುಕಿ, ಕಡೇ ಗಳಿಗೇಲಿ ಬ್ಯಾರೆಯೋಳಾಗಿ ಹೋಗಬಾರ್ದು. ಆದ್ರೆ ಅವ್ನನ್ನ ಬೈಬ್ಯಾಡ ಕಣಮ್ಮ.”

ಆಗಲಿ ಎಂದೆ. ಹೇಳುವಾಗ ಸುಲಭವಾಗಿತ್ತು. ನಮ್ಮಲ್ಲಿ ಹೋಗುವ ಜೀವದ ಬಾಯಿಗೆ ತೀರ್ಥ ಬಿಡದಿದ್ದರೆ ಅದು ಉಳಿದವರನ್ನು ಜೀವನಪೂರ್ತಿ ಕಾಡುತ್ತದೆ. ನನ್ನ ತಾಯಿಗೆ ನಾನೇ ಬಿಟ್ಟಿದ್ದೆ.

ಕೆಲವು ದಿನಗಳಲ್ಲೇ ಅವರಿಗೆ ಎಚ್ಚರ ತಪ್ಪಿತು. ಕರೆದರೆ ಓಗೊಡುತ್ತಿರಲಿಲ್ಲ, ಸೂಜಿ ಚುಚ್ಚಿದರೂ ಮಿಸುಕುತ್ತಿರಲಿಲ್ಲ. ಇಂಥವರಿಗೆ ನಾವು ಮೌತ್ ಕೇರ್ ಮಾಡುತ್ತೇವೆ: ಕಾಯಿಸಿ ಆರಿಸಿದ ನೀರಿನಲ್ಲಿ, ಗಾಯಕ್ಕೆ ಕಟ್ಟುವ ತೆಳು ಗಾಜ್ ಬಟ್ಟೆ ಅದ್ದಿ, ಒಣಗಿದ ತುಟಿ, ನಾಲಿಗೆಯನ್ನು ಒದ್ದೆ ಮಾಡುವುದು. ಮರುದಿನ ಬೆಳಿಗ್ಗೆ ಅದನ್ನೇ ಮಾಡುತ್ತಿದ್ದಾಗ ನಂಜೇಗೌಡ ಬಂದ. ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನ ತೀರ್ಥವನ್ನು ಸಣ್ಣ ಶೀಶೆಯಲ್ಲಿ ತಂದಿದ್ದ.

“ಸಿಸ್ಟರ್, ಆ ಲೋಟದ ನೀರ್ಗೆ ಎಲ್ಡು ಹನಿ ಬೆರಸ್ಬುಡಿ. ಅತ್ತೆಗೆ ಗೊತ್ತಾಗಕಿಲ್ಲ.”

“ನನಗೆ ಗೊತ್ತಾಗುತ್ತಲ್ಲ,” ಎಂದೆ.

“ನೀವೂ ನಮ್ಮಂಗೇ ಕೈಮುಗಿಯೋರಲ್ವಾ? ತೀರ್ಥ ಇಲ್ದಂಗೆ ಹೋದ್ರೆ ಅವ್ಳ ಗತಿಯೇನು? ಅವ್ಳ ಚರ್ಚಿನೋರು ಎಲ್ಲವ್ರೆ, ತೋರ್ಸಿ ನೋಡಾಣ.”

ತೋರಿಸಲು ಯಾರಿದ್ದರು? ಪಾಸ್ಟರಿಗೆ ಹೇಳಿಕಳಿಸಿದ್ದೆ, ಇನ್ನೂ ಬಂದಿರಲಿಲ್ಲ. ಮಂಚದ ಪಕ್ಕದ ಬೆಂಚಿನಲ್ಲಿ ಕೂರುವವರಿರಲಿಲ್ಲ. ಎರಡು ಹನಿ ಬೆರೆಸಿದರೆ ಇವನಿಗೂ ಸಮಾಧಾನ, ನನಗೂ ಸಮಾಧಾನ, ಕೇಳುವವರಿಲ್ಲ ಎಂದು ನನಗೂ ಅನ್ನಿಸಿತು, ಸುಳ್ಳೇಕೆ ಹೇಳಲಿ. ಕೈಯಲ್ಲಿದ್ದ ಲೋಟವನ್ನು ಎದೆಗೆ ಒತ್ತಿ ಹಿಡಿದುಕೊಂಡೆ.

“ಎಚ್ಚರ ಇದ್ದಾಗ ಬೇಡ ಅಂದಿದಾರೆ ನಂಜೇಗೌಡ್ರೆ. ನಾನು ಮಾತು ಕೊಟ್ಟಿದೀನಿ. ನಿಮ್ಮನ್ನ ಬೈಬೇಡ ಅಂತಾನೂ ಅಂದಿದಾರೆ.”

ಅವನಿಗೆ ಆ ಕೊನೆಯ ಮಾತು ನಾಟಿತು. ಬೆಂಚಿನ ಮೇಲೆ ಕುಸಿದು ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಬಹಳ ಹೊತ್ತಿನ ಮೇಲೆ ಶೀಶೆಯನ್ನು ಜೇಬಿಗೆ ಹಾಕಿಕೊಂಡು, “ಆ ನೀರಾದ್ರೂ ನಾನ್ ಹಾಕ್ಲಾ?” ಎಂದ.

ಕೈ ತೊಳೆಸಿ, ಬೆರಳಿಗೆ ಗಾಜ್ ಸುತ್ತಿಕೊಟ್ಟೆ. ಅವನ ಬೆರಳು ತುಟಿಗೆ ಮುಟ್ಟಿದ್ದೇ ತಡ, ರಾಹೇಲಮ್ಮ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡರು. ದವಡೆ ಗಟ್ಟಿಯಾಗಿದ್ದು ಕಣ್ಣಿಗೆ ಕಾಣುತ್ತಿತ್ತು. ಅಷ್ಟು ಹೊತ್ತೂ ನಾನು ಒರೆಸುವಾಗ ಸಡಿಲವಾಗಿ ತೆರೆದೇ ಇದ್ದ ಬಾಯಿ ಅದು. ನಂಜೇಗೌಡ ಗಾಬರಿಯಿಂದ ನನ್ನತ್ತ ನೋಡಿದ. ಆಮೇಲೆ ಅರ್ಥವಾಯಿತೇನೋ, ಅವರ ಕಿವಿಯ ಹತ್ತಿರ ಬಗ್ಗಿದ.

“ಬರೀ ನೀರು ಕಣತ್ತೆ. ತೀರ್ಥ ಹಾಕಿಲ್ಲ, ನಿನ್ನಾಣೆ.”

ತುಟಿ ನಿಧಾನವಾಗಿ ತೆರೆಯಿತು.

ಮಧ್ಯಾಹ್ನದವರೆಗೂ ಅವನೇ ಹನಿಹನಿಯಾಗಿ ಬಾಯಿ ಒದ್ದೆ ಮಾಡುತ್ತ ಕೂತಿದ್ದ. ಅವನ ಕೈಯಲ್ಲೇ ಜೀವ ಹೋಯಿತು. ಸಂಜೆ ಪಾಸ್ಟರ್ ಬಂದು, ತುಮಕೂರಿನ ಕ್ರೈಸ್ತರ ಸ್ಮಶಾನದಲ್ಲಿ ಮಣ್ಣು ಮಾಡಿಸಿದರು. ನಂಜೇಗೌಡನೂ ಜೊತೆಗೆ ಹೋದನಂತೆ. ನನಗೆ ರಜೆ ಸಿಗಲಿಲ್ಲ. ಮಂಚ ಬೇರೆ ರೋಗಿಗೆ ಬೇಕಾಗಿತ್ತು, ಹೊಸ ಹಾಸು ಹಾಕಿದೆ.

ಎಚ್ಚರ ತಪ್ಪಿದವರಿಗೆ ಏನೂ ತಿಳಿಯುವುದಿಲ್ಲ ಎಂದು ಆಮೇಲೆ ಎಂಥ ದೊಡ್ಡ ಡಾಕ್ಟರ್ ಹೇಳಿದರೂ ನಾನು ಒಪ್ಪಲಿಲ್ಲ. ಕಿರಿಯ ನರ್ಸ್‌ಗಳು ನಗುತ್ತಿದ್ದರು, ನಗಲಿ. ರಿಟೈರ್ ಆಗುವವರೆಗೂ ಅಂಥವರ ಬಾಯಿಗೆ ಏನೇ ಇಡುವ ಮೊದಲು, ಕಿವಿಯ ಹತ್ತಿರ ಬಗ್ಗಿ, ಕೈಯಲ್ಲಿರುವುದು ಏನೆಂದು ಹೇಳುತ್ತಿದ್ದೆ. ಹೇಳಿ, ಸ್ವಲ್ಪ ಕಾಯುತ್ತಿದ್ದೆ.