ವರ್ನಾ ಹೌಗೆನ್ ಟ್ರ್ಯಾಕ್ಟರ್ ಹತ್ತಿದ ಶುಕ್ರವಾರ

ನನ್ನ ಕೈಬರಹ ಚೆನ್ನಾಗಿಲ್ಲ, ಮಾತು ಜೋಡಿಸುವುದೂ ಅಷ್ಟಾಗಿ ಬರುವುದಿಲ್ಲ. ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಹತ್ತನೇ ತರಗತಿಯ ನಡುವೆಯೇ ಶಾಲೆ ಬಿಟ್ಟವಳು ನಾನು. ಬರೆದದ್ದನ್ನು ಹರಿದುಹಾಕಿ ಮತ್ತೆ ಬರೆದಿದ್ದೇನೆ, ಏಕೆಂದರೆ ಇದು ವರ್ನಾ ಹೌಗೆನ್ ಅವರ ವಿಷಯ, ಎಲ್ಲೂ ತಪ್ಪಾಗಬಾರದು. ನಮ್ಮ ಊರಿನವರಲ್ಲದ ನಿಮಗೆ ಬರೆಯಲು ಅವರೇ ಒಪ್ಪಿದ್ದಾರೆ.

ವಿಸ್ಕಾನ್ಸಿನ್ನಿನ ನಮ್ಮ ಊರಿನ ಶಾಲೆಯಲ್ಲಿ ಓದಿದವರೆಲ್ಲ ವರ್ನಾ ಬಡಿಸಿದ ಊಟ ಉಂಡವರೇ. ತಲೆಗೆ ಬಲೆ ಕಟ್ಟಿಕೊಂಡು, ಸೌಟು ಹಿಡಿದು, ಯಾವ ಮಗು ಬೆಳಿಗ್ಗೆ ತಿನ್ನದೆ ಬಂದಿದೆ ಎಂದು ಮುಖ ನೋಡಿಯೇ ಹೇಳುತ್ತಿದ್ದರು. ಅವರ ಗಂಡ ಆರ್ವಿನ್ ಹಾಲಿನ ಲಾರಿ ಓಡಿಸುತ್ತಿದ್ದರು. ಬಿಡುವಾದಾಗ ಕಾನ್ಸರ್ಟಿನಾ ನುಡಿಸುತ್ತಿದ್ದರು. ಎರಡು ಕೈಯಲ್ಲಿ ಹಿಡಿದು ಹಿಗ್ಗಿಸಿ ಕುಗ್ಗಿಸುವ ಆ ಪೆಟ್ಟಿಗೆ ಇಲ್ಲದೆ ಊರಲ್ಲಿ ಒಂದು ಮದುವೆಯೂ ಆಗುತ್ತಿರಲಿಲ್ಲ.

ಆರ್ವಿನ್ ಅವರ ಶ್ವಾಸಕೋಶ ಕೆಟ್ಟು ಹಾಸಿಗೆ ಹಿಡಿದ ಚಳಿಗಾಲದಲ್ಲಿ, ತಮ್ಮ ತಾಯಿ ರೇಡಿಯೋದಲ್ಲಿ ಕೇಳುತ್ತಿದ್ದ ಹಳೆಯ ಹಾಡುಗಳು ಬೇಕೆಂದರು. ಅಂಗಡಿಗಳಲ್ಲಿ ಅವು ಸಿಗಲಿಲ್ಲ. ವರ್ನಾ ಅವರ ತಂಗಿಯ ಮಗಳೊಬ್ಬಳು ಬಂದು ಕಂಪ್ಯೂಟರಿಗೆ ಏನನ್ನೋ ಹಾಕಿಕೊಟ್ಟಳು. ವರ್ನಾ ಒಂದೇ ಬೆರಳಲ್ಲಿ ಹಾಡಿನ ಹೆಸರು ಒತ್ತಿದರೆ ಸಾಕು, ಯಾರದೋ ಮನೆಯ ಕಂಪ್ಯೂಟರಿನಿಂದ ಅದು ಇಳಿದು ಬರುತ್ತಿತ್ತು. ಬಂದದ್ದನ್ನೆಲ್ಲ ಒಂದೇ ಫೋಲ್ಡರಿನಲ್ಲಿ ಇಟ್ಟರು. ಆ ಫೋಲ್ಡರಿನ ಬಾಗಿಲು ಎರಡೂ ಕಡೆ ತೆರೆಯುತ್ತದೆ, ತಮ್ಮ ಮನೆಯಿಂದಲೂ ಜನ ಹಾಡು ಒಯ್ಯುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಉಸಿರು ಸ್ವಲ್ಪ ಹಗುರಾದಾಗ ಆರ್ವಿನ್ ಅಡುಗೆಮನೆಯ ಮೇಜಿನ ಬಳಿ ಕುಳಿತು ವಾಲ್ಟ್ಜ್ ಎಂಬ ಕುಣಿತದ ಧಾಟಿಯೊಂದನ್ನು ನುಡಿಸಿದರು. ವರ್ನಾ ಅದನ್ನು ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿಕೊಂಡರು. ನಡುವೆ ಉಸಿರು ಸಾಲದೆ ನಿಲ್ಲುತ್ತಾರೆ, ಕೆಮ್ಮುತ್ತಾರೆ, “ವರ್ನಾ, ಕಾಫಿ ಉಕ್ತಿದೆ ನೋಡೇ” ಎನ್ನುತ್ತಾರೆ, ಮತ್ತೆ ಬಿಟ್ಟಲ್ಲಿಂದಲೇ ಹಿಡಿದು ಮುಗಿಸುತ್ತಾರೆ. ವರ್ನಾ ಅದಕ್ಕೆ ‘ಆರ್ವಿನ್ ಅಡುಗೆಮನೆ’ ಎಂದು ಹೆಸರು ಕೊಟ್ಟು ಅದೇ ಫೋಲ್ಡರಿನಲ್ಲಿ ಇಟ್ಟರು. ಹಿಮ ಕರಗುವ ಮೊದಲೇ ಆರ್ವಿನ್ ತೀರಿಕೊಂಡರು. ಅವರ ದನಿ ಇದ್ದದ್ದು ಅಲ್ಲಿ ಮಾತ್ರ.

ಮರುವರ್ಷ, ಅಂದರೆ ೨೦೦೪ರಲ್ಲಿ, ಹಣ ಕೊಡದ ಹಾಡುಗಳನ್ನು ಲೋಕಕ್ಕೆಲ್ಲ ಹಂಚಿದ್ದಾರೆಂದು ಹಾಡಿನ ಕಂಪನಿಯ ವಕೀಲರಿಂದ ವರ್ನಾ ಅವರಿಗೆ ದಾವೆಯ ಕಾಗದ ಬಂತು. ಚೆಂಡು ಉರುಳಿಸಿ ಮರದ ಗೂಟ ಬೀಳಿಸುವ ಆಟದ ಬೌಲಿಂಗ್ ಮನೆ ನಡೆಸುವ ಲೈಲ್ ಟೆಶ್ನರ್ ಅದನ್ನು ಓದಿ ಕೆಂಡವಾದರು.

“ಮಗು ತಟ್ಟೇಲಿ ಬಟಾಣಿ ಕಮ್ಮಿ ಬಿದ್ರೆ ವಾಪಸ್ ಕರೆದು ಹಾಕೋಳು ನೀನು. ನಿನ್ನನ್ನ ಕಳ್ಳಿ ಅಂತಾರಲ್ಲೇ!”

“ಕಾಗದದಲ್ಲಿ ಹಾಗೇ ಬರೆದಿದ್ದಾರಪ್ಪ.”

“ಕೋರ್ಟಿಗೆ ಹೋಗೋಣ. ಇಡೀ ಊರೇ ನಿನ್ನ ಹಿಂದೆ ನಿಲ್ಲುತ್ತೆ.”

“ಊರು ಹಿಂದೆ ನಿಲ್ಲುತ್ತೆ ಲೈಲ್. ಜಡ್ಜ್ ಮುಂದೆ ನಿಲ್ಲೋಳು ನಾನೊಬ್ಬಳೇ.”

ವರ್ನಾ ರಾಜಿಗೆ ಸಹಿ ಹಾಕಿದರು. ಇಳಿಸಿಕೊಂಡ ಹಾಡುಗಳನ್ನೆಲ್ಲ ಅಳಿಸಬೇಕೆಂದು ಅದರಲ್ಲಿತ್ತು. ಯಾವುದು ಇಳಿಸಿಕೊಂಡದ್ದು, ಯಾವುದು ಅಲ್ಲ ಎಂದು ಕಂಪನಿಯವರು ನಂಬುತ್ತಾರೋ ಇಲ್ಲವೋ ಎಂಬ ಭಯಕ್ಕೆ ಅವರು ಫೋಲ್ಡರನ್ನೇ ಅಳಿಸಿಬಿಟ್ಟರು. ಅದಕ್ಕೂ ಮೊದಲು ಆರ್ವಿನ್ ಅವರ ವಾಲ್ಟ್ಜನ್ನು ಖಾಲಿ ಸೀಡಿಯೊಂದಕ್ಕೆ ತುಂಬಿ, ಮೇಲೆ ಪೆನ್ನಿನಿಂದ ಹೆಸರು ಬರೆದುಕೊಂಡಿದ್ದರು. ಆದರೆ ಮನೆಯಲ್ಲೇ ತುಂಬಿದ ಸೀಡಿ ಈಗ ಅವರಿಗೂ ಕದ್ದ ಮಾಲಿನಂತೆ ಕಾಣುತ್ತಿತ್ತು. ಯಾರಾದರೂ ಹುಡುಕಿಕೊಂಡು ಬಂದರೆ? ಆದ್ದರಿಂದ ಅಂಗಡಿಯಲ್ಲಿ ಕೊಂಡಿದ್ದ ಕ್ರಿಸ್‌ಮಸ್ ಹಾಡುಗಳ ಸೀಡಿಯ, ಮರದ ಚಿತ್ರವಿದ್ದ ಹಸಿರು ಡಬ್ಬಿಯೊಳಗೆ ಅದನ್ನು ಇಟ್ಟು, ಅಡುಗೆಮನೆಯಲ್ಲಿ ಬ್ರೆಡ್ ಪೆಟ್ಟಿಗೆಯ ಪಕ್ಕ ನಿಲ್ಲಿಸಿದರು. ಕೊಂಡ ಡಬ್ಬಿಯನ್ನು ಯಾರೂ ಅನುಮಾನಿಸುವುದಿಲ್ಲ.

ಊರಿನ ಸಿಟ್ಟು ಮಾತ್ರ ಇಳಿಯಲಿಲ್ಲ. ಜನ ಸೀಡಿ ಕೊಳ್ಳುವುದನ್ನೇ ಬಿಟ್ಟರು. ಶುಕ್ರವಾರ ಸಂಜೆ ಎಲ್ಲರೂ ಹುರಿದ ಮೀನು ತಿನ್ನಲು ಬೌಲಿಂಗ್ ಮನೆಗೆ ಬರುವುದು ನಮ್ಮಲ್ಲಿ ರೂಢಿ. ಮುಂದಿನ ಶುಕ್ರವಾರ ಆ ಹೊತ್ತಿಗೆ ಅವರವರ ಸೀಡಿಗಳನ್ನು ತಂದು ಅಂಗಳದಲ್ಲಿ ಸುರಿಯಬೇಕು, ಮೇಲೆ ಟ್ರ್ಯಾಕ್ಟರ್ ಹರಿಸಬೇಕು ಎಂದು ಲೈಲ್ ಸಾರಿದರು. ಅವರ ಹೆಂಡತಿ ಆರ್ಲಿಸ್ ಶಾಲೆಯ ಅಡುಗೆಮನೆಗೆ ಬಂದು ಕೇಳಿದರು:

“ನಿಂದೂ ಕೊಡು ವರ್ನಾ. ನಿಂದಿಲ್ಲದಿದ್ರೆ ಏನು ಶೋಭೆ?”

“ಮುಂದಿನ ಕೋಣೆ ಕಪಾಟಲ್ಲಿ ಕೊಂಡಿದ್ದೆಲ್ಲ ಇದೆ. ಬಾಗಿಲು ತೆಗೆದೇ ಇರುತ್ತೆ, ಹೋಗಿ ತಗೋ.”

ಅಡುಗೆಮನೆಯದನ್ನು ಮುಟ್ಟಬೇಡ ಎಂದು ಹೇಳಲಿಲ್ಲ. ಹೇಳಿದರೆ ಏಕೆಂದೂ ಹೇಳಬೇಕಾಗುತ್ತಿತ್ತು.

ವರ್ನಾ ಕೆಲಸ ಮುಗಿಸಿ ಬರುವಾಗ ಅಂಗಳದಲ್ಲಿ ಮೊಣಕಾಲೆತ್ತರದ ರಾಶಿ ಬಿದ್ದಿತ್ತು. ಒಳಗಿನಿಂದ ಮೀನು ಹುರಿಯುವ ವಾಸನೆ ಬರುತ್ತಿತ್ತು.

“ಬಾರೇ ಕಳ್ಳಿ,” ಎಂದರು ಲೈಲ್, “ನೀನೇ ಹತ್ತು.”

“ನನ್ನ ಸೊಂಟ ನೋಡಿದ್ಯೇನೋ?”

“ಹತ್ತೋಕೆ ಸೊಂಟ ಯಾಕೆ, ನಾವು ತಳ್ತೀವಿ. ಚಕ್ರ ನಿನ್ನ ಭಾರ ತಾಳ್ಕೊಂಡ್ರೆ ಸಾಕು.”

ಎಲ್ಲರೂ ನಕ್ಕರು. ಹೊಲದ ಮನೆಯಲ್ಲಿ ಹುಟ್ಟಿದವರಿಗೆ ಟ್ರ್ಯಾಕ್ಟರ್ ಮರೆಯುತ್ತದೆಯೇ? ವರ್ನಾ ಹತ್ತಿ ಕುಳಿತು ಮುಂದೆ ಬಿಟ್ಟರು, ಹಿಂದೆ ತಂದರು, ಮತ್ತೆ ಮುಂದೆ ಬಿಟ್ಟರು. ಕೆರೆಯ ತೆಳು ಹಿಮಗಡ್ಡೆ ಒಡೆದಂತೆ ಸದ್ದಾಯಿತು. ಜನ ಅವರ ಹೆಸರು ಕೂಗಿದರು. ಆರ್ವಿನ್ ಹೋದ ಮೇಲೆ ಅವರು ಬಾಯ್ತುಂಬ ನಕ್ಕಿದ್ದನ್ನು ಊರು ಕಂಡದ್ದು ಅಂದೇ.

ಇಳಿಯುವಾಗ ಹಿಂದಿನ ಚಕ್ರದ ಬುಡದಲ್ಲಿ ಹಸಿರು ಕಂಡಿತು. ಬಗ್ಗಿ ನೋಡಿದರು. ಕ್ರಿಸ್‌ಮಸ್ ಮರದ ಚಿತ್ರ ಎರಡಾಗಿತ್ತು. ಅದರೊಳಗೆ ಬೆಳ್ಳಿ ಬಣ್ಣದ ಒಂದು ಚೂರು, ಅದರ ಮೇಲೆ ತಮ್ಮದೇ ಅಕ್ಷರದಲ್ಲಿ ಗಂಡನ ಅರ್ಧ ಹೆಸರು.

“ನೋಡಿದ್ಯಾ?” ಆರ್ಲಿಸ್ ಹಿಂದಿನಿಂದ ಬಂದು ಹೆಗಲು ತಬ್ಬಿದರು. “ಬ್ರೆಡ್ ಪೆಟ್ಟಿಗೆ ಹತ್ರ ಇದ್ದದ್ದನ್ನೂ ನಾನು ಬಿಡಲಿಲ್ಲ. ಆ ಕಂಪನಿಯವರದ್ದು ಒಂದೂ ನಿನ್ನ ಮನೇಲಿರಬಾರದು ಅಂತ.”

ಆರ್ಲಿಸ್ ಅವರ ಮುಖದಲ್ಲಿ ಅಷ್ಟು ಸಂತೋಷವಿತ್ತು. ವರ್ನಾ ಆ ಚೂರನ್ನು ಕೋಟಿನ ಜೇಬಿಗೆ ಹಾಕಿಕೊಂಡು, “ಒಳ್ಳೇದು ಮಾಡಿದೆ ಆರ್ಲಿಸ್,” ಎಂದರು. ಒಳಗೆ ಹೋಗಿ ಎಲ್ಲರ ಜೊತೆ ಕುಳಿತು ಕೊಟ್ಟ ಮೀನನ್ನು ತಿಂದರು. ತಿನ್ನದಿದ್ದರೆ ಯಾರಾದರೂ ಏನಾಯಿತೆಂದು ಕೇಳುತ್ತಿದ್ದರು.

ಭಾನುವಾರ ಚರ್ಚಿನಿಂದ ಬರುವಾಗ ಅವರ ಮನೆಯೊಳಗಿಂದ ಸುಟ್ಟ ವಾಸನೆ ಬಂತೆಂದು ನಾನು ಇಣುಕಿದೆ. ಒಲೆಯ ಮೇಲೆ ಕಾಫಿ ಉಕ್ಕಿ ಹರಿಯುತ್ತಿತ್ತು. ವರ್ನಾ ಎದುರಿಗೇ ನಿಂತಿದ್ದರು, ಯಾರೋ ಹೇಳಲಿ ಎಂದು ಕಾಯುತ್ತಿರುವವರಂತೆ. ನಾನು ಒಲೆ ಆರಿಸಿದೆ. ಆಮೇಲೆ ಅವರು ಮೇಜಿನ ಮೇಲೆ ಚೂರನ್ನು ಇಟ್ಟು ಎಲ್ಲವನ್ನೂ ಹೇಳಿದರು. ಲೈಲ್ ದಂಪತಿಗೆ ಇದು ಗೊತ್ತಾಗಬಾರದೆಂದು ಮಾತು ತೆಗೆದುಕೊಂಡರು.

“ಲೋಕವೆಲ್ಲ ನನ್ನ ಮನೆಯಿಂದ ಹಾಡು ತಗೊಂಡು ಹೋಗಿದೆ ಅಂತ ಆ ಕಾಗದದಲ್ಲಿ ಬರೆದಿದ್ರಲ್ಲ,” ಎಂದರು. “ಯಾರಾದ್ರೂ ಒಬ್ರು ಇದನ್ನೂ ಕದ್ದಿದ್ರೆ ಚೆನ್ನಾಗಿತ್ತು ಕಣೇ. ಆದ್ರೆ ಆರ್ವಿನ್ ಕೆಮ್ಮೋದು ಯಾರಿಗೆ ಬೇಕು?”

ನಾನು ಒದ್ದೆ ಬಟ್ಟೆ ತೆಗೆದುಕೊಂಡೆ. ಒಲೆ ಒರೆಸಿ ಬಂದೆ.

ಇಂಥ ದಾವೆಗಳ ವಿರುದ್ಧ ದೇಶದ ಎಲ್ಲೆಡೆಯ ಜನ ಸಿಟ್ಟಿನಿಂದ ಬರೆಯುವ ಇಂಟರ್ನೆಟ್ ಪುಟವೊಂದಿದೆ. ನಾಳೆ ಗ್ರಂಥಾಲಯ ತೆರೆದ ಕೂಡಲೇ ಹೋಗಿ, ‘ಆರ್ವಿನ್ ಅಡುಗೆಮನೆ’ ಎಂಬ ಹಾಡು ನಿಮ್ಮಲ್ಲಿ ಯಾರ ಬಳಿಯಾದರೂ ಇದೆಯೇ ಎಂದು ಅಲ್ಲಿ ಕೇಳಿ ಬರೆಯುತ್ತೇನೆ.