ಎರಡು ಲುಂಗಿಯ ಡೆರಮನ್

ಕತ್ತಲೆ ಇನ್ನೂ ತೆಂಗಿನ ಬುಡ ಬಿಟ್ಟಿಲ್ಲ. ನಿಬೊಂಗ್ ರೆಂದಾ ಊರಿನ ಸುರಾವ್, ಅಂದರೆ ಮರದ ಕಂಬಗಳ ಮೇಲೆ ನಿಂತ ಚಿಕ್ಕ ನಮಾಜಿನ ಮನೆ. ಅದರ ಮೆಟ್ಟಿಲ ಪಕ್ಕದಲ್ಲಿ ಒಂದು ಟಾರ್ಚು ಉರಿಯುತ್ತಿದೆ. ಆ ಬೆಳಕಿನಲ್ಲಿ ಡೆರಮನ್ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮಂಡಿಗಳ ನಡುವೆ ಒಂದು ಕರಿ ಬೆಕ್ಕು. ಎಡಗೈ ಅದರ ಎದೆಗೆ ಆನಿಸಿದೆ. ಬಲಗೈ ಬೆರಳುಗಳು ಹೊಟ್ಟೆಯಡಿ ಹೋಗಿ ಏನನ್ನೋ ತಡಕುತ್ತವೆ, ನಿಲ್ಲುತ್ತವೆ.

"ನಿಂಬೆಹಣ್ಣಿನಷ್ಟಾಗಿದೆ ನೋಡಿ. ರಾತ್ರಿ ನೀರು ಚೆನ್ನಾಗಿ ಕುಡಿದಿದ್ದಾಳೆ," ಎನ್ನುತ್ತಾರೆ ಮೆಲ್ಲಗೆ, ಪಕ್ಕದ ಮನೆಯವರನ್ನು ಎಬ್ಬಿಸಬಾರದೆನ್ನುವಂತೆ.

ಆಮೇಲೆ ಎರಡೂ ಪಕ್ಕದಿಂದ ಬೆರಳು ಸೇರಿಸಿ ಬಾಲದ ಕಡೆಗೆ ಒತ್ತುತ್ತಾರೆ. ಕೆಳಗಿಟ್ಟ ತೆಂಗಿನ ಚಿಪ್ಪಿಗೆ ಉಚ್ಚೆಯ ಸಣ್ಣ ಧಾರೆ ಬೀಳುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡಿದೆ. ಧಾರೆ ಹನಿಯಾಗಿ, ಹನಿ ನಿಂತ ಮೇಲೂ ಡೆರಮನ್ ಒಮ್ಮೆ ತಡಕಿ ನೋಡುತ್ತಾರೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಹಿಂಗಾಲು ಒರೆಸಿ, ಕೆಂಪಗಾದ ತೊಡೆಸಂದಿಗೆ ತೆಂಗಿನೆಣ್ಣೆ ಸವರಿ, ಭತ್ತದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಹೊಸ ಬಟ್ಟೆ ಹಾಸಿ ಮಲಗಿಸುತ್ತಾರೆ. ಚಿಪ್ಪನ್ನು ಬಾಳೆಯ ಬುಡಕ್ಕೆ ಬಗ್ಗಿಸಿ ತೊಳೆಯುತ್ತಾರೆ. ಬಾವಿಕಟ್ಟೆಗೆ ಹೋಗಿ ಕಂದು ಲುಂಗಿ ಬಿಚ್ಚಿ, ಮೈ ತೊಳೆದು, ಬಿಳಿ ಚೌಕಳಿಯ ಇನ್ನೊಂದು ಲುಂಗಿ ಸುತ್ತಿಕೊಳ್ಳುತ್ತಾರೆ. ಮೆಟ್ಟಿಲು ಹತ್ತಿ, ಊರನ್ನು ನಮಾಜಿಗೆ ಕರೆಯುವ ನಗಾರಿ ಬಾರಿಸುವುದು ಇಷ್ಟೆಲ್ಲ ಆದ ಮೇಲೆ.

ಕಂದು ಬಣ್ಣದ್ದು ಬೆಕ್ಕಿನ ಲುಂಗಿ. ಬಿಳಿಯದು ನಮಾಜಿನ ಲುಂಗಿ. ಐದು ಹೊತ್ತಿನ ನಮಾಜಿಗೂ ಮೊದಲು ಒಂದನ್ನು ಬಿಚ್ಚಿ ಒಂದನ್ನು ಉಡಬೇಕು. ಬೆಕ್ಕಿನ ಮೈ ಶುದ್ಧ. ವಜೂ ಮಾಡುವ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ನೀರಿಗೆ ಅದು ಬಾಯಿ ಹಾಕಿದರೂ ನೀರು ಕೆಡುವುದಿಲ್ಲ. ಅದರ ಉಚ್ಚೆ ಮಾತ್ರ ಅಶುದ್ಧ. ಒಂದು ಹನಿ ಸಿಡಿದ ಬಟ್ಟೆಯಲ್ಲೂ ನಮಾಜು ಕೂಡದು. ಹಾಗಾಗಿ ಈ ಊರಲ್ಲಿ ಡೆರಮನ್‌ಗೆ 'ಎರಡು ಲುಂಗಿ ಮನ್' ಎಂದೇ ಹೆಸರು. ಹಗ್ಗದ ಮೇಲೆ ಯಾವ ಲುಂಗಿ ಒಣಗುತ್ತಿದೆ ಎಂದು ನೋಡಿ ಹೊತ್ತು ಹೇಳುವ ಹೆಂಗಸರಿದ್ದಾರೆ.

ಡೆರಮನ್‌ಗೆ ಎಪ್ಪತ್ತು ದಾಟಿದೆ. ಹರೆಯದಲ್ಲಿ ರಬ್ಬರ್ ಮರ ಗೀರುತ್ತಿದ್ದವರು. ಕಣ್ಣು ಮಂಜಾದ ಮೇಲೆ ಆ ಕೆಲಸ ಬಿಟ್ಟು ಸುರಾವ್ ನೋಡಿಕೊಳ್ಳಲು ಬಂದರು. ಗುಡಿಸುವುದು, ತೊಟ್ಟಿಗೆ ನೀರು ತುಂಬುವುದು, ಚಾಪೆ ಕೊಡವುವುದು, ನಗಾರಿ ಬಾರಿಸುವುದು. ಅವರು ಬಂದಾಗಲೇ ಲಾದಾ ಇಲ್ಲಿತ್ತು. ಲಾದಾ ಎಂದರೆ ಮೆಣಸು. ಕರಿಮೆಣಸಿನಷ್ಟೇ ಕಪ್ಪು, ಅಷ್ಟೇ ಖಾರದ ಬೆಕ್ಕು. ನಗಾರಿಯ ಚರ್ಮ ಕಡಿಯುವ ಇಲಿಗಳನ್ನು ಅದೊಂದೇ ಅಡಗಿಸಿಟ್ಟಿತ್ತು.

ಅದರ ಸೊಂಟ ಮುರಿದದ್ದು ಸುರಾವ್ ಹೊತ್ತ ದಿನ.

ಹೊಳೆಯ ದಂಡೆ ವರ್ಷವರ್ಷವೂ ಕುಸಿದು ಸುರಾವ್‌ನ ಮೆಟ್ಟಿಲಿಗೇ ಬಂದಿತ್ತು. ಅದನ್ನು ಎತ್ತಿ ಊರ ಒಳಗೆ ತರುವುದೆಂದು ತೀರ್ಮಾನವಾಯಿತು. ಇಲ್ಲಿ ಮನೆಯ ಜಾಗ ಬದಲಿಸಲು ಯಾರೂ ಕೆಡವಿ ಕಟ್ಟುವುದಿಲ್ಲ, ಹೊತ್ತುಕೊಂಡೇ ಹೋಗುತ್ತಾರೆ. ನೆಲದ ತೊಲೆಗಳಡಿ ಉದ್ದುದ್ದ ಬಿದಿರು ಕಟ್ಟಿ, ಊರಿನ ಗಂಡಸರೆಲ್ಲ ಹೆಗಲು ಕೊಟ್ಟು, ಒಬ್ಬ ಕೂಗು ಹಾಕಿದಂತೆ ಹೆಜ್ಜೆ ಇಡುತ್ತಾರೆ. ಅವತ್ತು ಹೆಂಗಸರು ದೊಡ್ಡ ಹಂಡೆಯಲ್ಲಿ ಅನ್ನ, ಸಾರು ಬೇಯಿಸುತ್ತಿದ್ದರು. ಸುರಾವ್ ಕಿರುಗುಟ್ಟುತ್ತ ಗದ್ದೆ ಬದುವಿನ ಮೇಲೆ ನಡೆಯಿತು. ತನ್ನ ಮನೆ ನಡೆಯತೊಡಗಿದ್ದನ್ನು ಕಂಡ ಲಾದಾ ಅದರ ನೆರಳಿನಲ್ಲೇ, ಕಂಬಗಳ ನಡುವೆ ನಡೆದುಕೊಂಡು ಬಂತು.

ಹೊಸ ಜಾಗದಲ್ಲಿ ಕಲ್ಲುಗಳ ಮೇಲೆ ಕಂಬ ಇಳಿಸುವ ಮುಂಚೆ ಕೂಗುವವನು ಸುತ್ತಲೂ ನೋಡಿದ. ಮಕ್ಕಳನ್ನು ದೂರ ಅಟ್ಟಿದರು. ಯಾರ ಕಾಲೂ ಅಡ್ಡವಿಲ್ಲ ಎಂದು ಖಾತ್ರಿಯಾಯಿತು. ಬೆಕ್ಕಿನ ನೆನಪು ಯಾರಿಗೂ ಬರಲಿಲ್ಲ. ಇಳಿಸಿದರು. ನೀರಿನ ತೊಟ್ಟಿಯ ಕಡೆಯ ಮೂಲೆಗಂಬದ ಅಡಿಯಿಂದ ಸದ್ದು ಬಂದಾಗ ಎಲ್ಲರೂ ಸೇರಿ ಮತ್ತೆ ಎತ್ತಿದರು. ಲಾದಾ ಮುಂಗಾಲುಗಳಿಂದ ತನ್ನನ್ನೇ ಎಳೆದುಕೊಂಡು ಹೊರಗೆ ಬಂತು. ಹಿಂದಿನ ಅರ್ಧ ಮೈ ಸುಮ್ಮನೆ ಅದರ ಜೊತೆ ಬಂತು.

ಸಂಜೆ ಊಟಕ್ಕೆ ಕೂತವರು ಹೊಳೆಯ ಮಾತಾಡಿದರು, ಹೊಸ ಕಲ್ಲುಗಳ ಮಾತಾಡಿದರು.

ಡೆರಮನ್ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಪೇಟೆಯ ಪಶುವೈದ್ಯರ ಹತ್ತಿರ ಒಯ್ದರು. ಆತ ಒಳ್ಳೆಯ ಮನುಷ್ಯ, ಮುಚ್ಚುಮರೆ ಮಾಡಲಿಲ್ಲ. ಕಾಲು ಮರಳಿ ಬರುವುದಿಲ್ಲ, ಉಚ್ಚೆ ತಾನಾಗಿ ಹೋಗುವುದಿಲ್ಲ, ಬರೀ ಸೋರುತ್ತಿರುತ್ತದೆ ಎಂದರು. ಒಂದು ದಿನ ಕೈಯಿಂದ ಒತ್ತಿ ತೆಗೆಯದಿದ್ದರೆ ಹೊಟ್ಟೆ ಬಿಗಿಯುತ್ತದೆ, ಎರಡು ದಿನವಾದರೆ ಜ್ವರ, ಆಮೇಲೆ ಉಳಿಯುವುದು ಕಷ್ಟ. ಸೂಜಿ ಚುಚ್ಚಿ ಮಲಗಿಸಿಬಿಡುವುದೂ ಒಂದು ದಾರಿ, ಅದರಲ್ಲಿ ಪಾಪವಿಲ್ಲ ಎಂದರು. ಡೆರಮನ್ ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಬುಟ್ಟಿ ಎತ್ತಿಕೊಂಡು ಬಸ್ ಹತ್ತಿದರು.

"ಡಾಕ್ಟ್ರು ಹೇಳಿದ್ದು ಸುಳ್ಳಲ್ಲ. ಆದ್ರೆ ಬುಟ್ಟಿಯೊಳಗೆ ಅವಳು ಮುಖ ತೊಳ್ಕೊತಾ ಕೂತಿದ್ಲು. ಮುಖ ತೊಳ್ಕೊಳ್ಳೋ ಜೀವಾನ ಹೇಗೆ ಮಲಗಿಸೋದು?" ಎನ್ನುತ್ತಾರೆ ಡೆರಮನ್ ಈಗ.

ಒತ್ತುವುದನ್ನು ಕಲಿಸಿದವರು ಊರಿನ ಸೂಲಗಿತ್ತಿ ಮಾಕ್ ಸೆಪಿಯಾ. ಬಾಣಂತಿಯರ ಹೊಟ್ಟೆ ನೀವಿ ನೀವಿ ಪಳಗಿದ ಕೈ ಅವರದು. ಬೆಕ್ಕಿನ ಹೊಟ್ಟೆಯನ್ನು ಅವರೂ ಅವತ್ತೇ ಮೊದಲು ಮುಟ್ಟಿದ್ದು. ಮೇಲಿಂದ ಅದುಮಬಾರದು, ಪಕ್ಕದಿಂದ ಹಿಡಿಯಬೇಕು, ಬೆಕ್ಕು ಉಸಿರು ಬಿಟ್ಟಾಗ ಒತ್ತಬೇಕು ಎಂದು ಇಬ್ಬರೂ ಸೇರಿಯೇ ಕಂಡುಕೊಂಡರು. ಮಲ ಗಟ್ಟಿಯಾಗದಂತೆ ಬಂಗುಡೆ ಮೀನಿನ ಜೊತೆ ಬೇಯಿಸಿದ ಕುಂಬಳಕಾಯಿ ಕಿವುಚಿ ಹಾಕಬೇಕೆಂದು ಹೇಳಿದ್ದೂ ಅವರೇ.

ಬೇಸಿಗೆಯಲ್ಲಿ ಕೆಲಸ ಸಲೀಸು. ಮಳೆಗಾಲ ಬಂತೆಂದರೆ ಬಟ್ಟೆ ಒಣಗುವುದಿಲ್ಲ. ಡೆರಮನ್ ಅವನ್ನೆಲ್ಲ ಒಗೆದು ಒಲೆಯ ಮೇಲಿನ ಅಟ್ಟಕ್ಕೆ ನೇತುಹಾಕುತ್ತಾರೆ. ಹೆಂಡತಿ ಮೆಕ್ ಯಾಂಗ್ ಅನ್ನದ ಪಾತ್ರೆಯ ಮುಚ್ಚಳ ಬಿಗಿಯಾಗಿ ಒತ್ತಿಡುತ್ತಾರೆ. ಬೈಗುಳವೂ ಬಿಗಿಯೇ. "ಆ ಬೆಕ್ಕಿಗೆ ತಿಕ್ಕಿದಷ್ಟು ಎಣ್ಣೆ ನನ್ನ ಮಂಡಿಗೆ ತಿಕ್ಕಿದ್ರೆ, ನಾನು ಹಜ್‌ಗೆ ನಡ್ಕೊಂಡೇ ಹೋಗಿ ಬರ್ತಿದ್ದೆ," ಎನ್ನುವ ಆಕೆಯೇ ಕುಂಬಳಕಾಯಿ ಕಿವುಚುವುದು.

ಊರೆಲ್ಲ ಇದನ್ನು ಒಪ್ಪಿಕೊಂಡಿತ್ತು ಎಂದಲ್ಲ. ಒಂದು ಮಳೆಯ ಸಂಜೆ ಲಾದಾ ಪೆಟ್ಟಿಗೆಯಿಂದ ತೆವಳಿ, ಮೆಟ್ಟಿಲೇರಿ, ಜಗಲಿಯಲ್ಲಿ ಮಲಗಿದ್ದು ಮತ್ತೆ ಕೆಳಗೆ ತೆವಳಿತ್ತು. ಅದೇ ಜಾಗದಲ್ಲಿ ನಮಾಜಿಗೆ ನಿಂತವರು ಜುಸೋ. ಎಮ್ಮೆ ಸಾಕುವ, ದಪ್ಪ ಕೈಗಳ, ದಪ್ಪ ದನಿಯ ಮನುಷ್ಯ. ನಮಾಜು ಮುಗಿಸಿ ಎದ್ದಾಗ ಮಂಡಿ ಒದ್ದೆ. ಮನೆಗೆ ಹೋಗಿ ತೊಳೆದು, ಬಟ್ಟೆ ಬದಲಿಸಿ, ಮತ್ತೆ ನಮಾಜು ಮಾಡಬೇಕಾಯಿತು. ಮರುದಿನ ಎಲ್ಲರೆದುರು ಕೇಳಿದರು: "ಇದು ದೇವರ ಮನೇನೋ, ಬೆಕ್ಕಿನ ಕಕ್ಕಸೋ?" ನಮಾಜು ನಡೆಸುವ ಹಿರಿಯರಾದ ಟೊಕ್ ಇಮಾಮ್ ಎರಡೂ ಕಡೆ ಕೇಳಿ, ಬೆಕ್ಕು ಮೆಟ್ಟಿಲ ಕೆಳಗಿರಬಹುದು, ಹಲಗೆ ಇನ್ನೊಮ್ಮೆ ಒದ್ದೆಯಾದರೆ ಅದು ಊರಾಚೆ ಹೋಗಬೇಕು ಎಂದು ತೀರ್ಪು ಕೊಟ್ಟರು. ಡೆರಮನ್ ಜಗಲಿಯ ಹಲಗೆಗಳನ್ನೆಲ್ಲ ನೀರು ಸುರಿದು ತೊಳೆದರು. ಮೆಟ್ಟಿಲಿಗೆ ಅಡ್ಡ ಹಲಗೆ ಹೊಡೆದರು. ಅಲ್ಲಿಂದ ಇಲ್ಲಿಯವರೆಗೆ ಮತ್ತೆ ಒದ್ದೆಯಾಗಿಲ್ಲ.

ಈ ವರ್ಷ ಗಂಡಹೆಂಡತಿಗೆ ಹಜ್‌ನ ಸರದಿ ಬಂದಿದೆ.

ರಬ್ಬರ್ ಗೀರುತ್ತಿದ್ದ ಕಾಲದಿಂದ ಕಾದದ್ದು. ಜೊತೆಗೆ ಹೆಸರು ಬರೆಸಿದವರಲ್ಲಿ ಹಲವರು ಸರದಿ ಬರುವ ಮೊದಲೇ ಮಣ್ಣು ಸೇರಿದ್ದಾರೆ. ಈಗ ಬಿಟ್ಟರೆ ಮತ್ತೊಮ್ಮೆ ಕರೆ ಬರುವ ಹೊತ್ತಿಗೆ ತಾವಿರುತ್ತೇವೋ ಇಲ್ಲವೋ. ಹೋದರೆ ತಿಂಗಳಿಗೂ ಮೀರಿ ಊರಲ್ಲಿರುವುದಿಲ್ಲ. ಅಷ್ಟು ದಿನ ಲಾದಾಳ ಹೊಟ್ಟೆ ಒತ್ತುವವರು ಯಾರು? ಸುದ್ದಿ ಬಂದಾಗ ಮೆಕ್ ಯಾಂಗ್ ಅತ್ತರು. ಡೆರಮನ್ ಎದ್ದು ಸುರಾವ್ ಮೆಟ್ಟಿಲ ಪಕ್ಕದ ಪೆಟ್ಟಿಗೆಯ ಕಡೆ ಹೋದರು.

ಮನೆಮನೆಗೆ ಹೋಗಿ ಕೇಳಿದ್ದಾಯಿತು. ಮೀನು ಹಾಕುತ್ತೇವೆ, ಪೆಟ್ಟಿಗೆಯನ್ನೂ ಬಿಸಿಲಿಗಿಡುತ್ತೇವೆ, ಅದೊಂದು ಮಾತ್ರ ನಮ್ಮ ಕೈಲಾಗದು ಎಂದರು ಎಲ್ಲರೂ. ಮಾಕ್ ಸೆಪಿಯಾ ತಮ್ಮ ಎರಡೂ ಕೈ ಚಾಚಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು. ಈ ಸಲ ಬಿಟ್ಟುಬಿಡೋಣವೇ ಎಂಬ ಮಾತು ಡೆರಮನ್ ಬಾಯಿಗೆ ಬಂದದ್ದು ಆಗಲೇ. ಮೆಕ್ ಯಾಂಗ್ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಾಳೆ ಅಲ್ಲಾಹನ ಮುಂದೆ ನಿಂತಾಗ ಯಾಕೆ ಬರಲಿಲ್ಲ ಅಂತ ಕೇಳಿದ್ರೆ ಏನು ಹೇಳ್ತೀರಿ? ಲುಂಗಿ ಒಣಗಿರಲಿಲ್ಲ ಅಂತಲಾ?" ಎಂದು ಕೇಳಿದರು. ಹೋಗುವುದೋ ಬಿಡುವುದೋ ಆ ವಾರ ತೀರ್ಮಾನವಾಗಲಿಲ್ಲ.

ಹಾಗಿದ್ದಾಗ ಒಂದು ಮಧ್ಯಾಹ್ನ ಜುಸೋ ಬಂದರು. ಹೆಗಲ ಮೇಲೆ ಒಂದು ಹಳೆ ಲುಂಗಿ. ಬಂದವರು ಬೆಕ್ಕಿನ ಪೆಟ್ಟಿಗೆಯ ಮುಂದೆ ಧೊಪ್ಪನೆ ಕೂತು, "ತೋರ್ಸು ಮನ್, ಹೇಗೆ ಒತ್ತೋದು?" ಎಂದರು.

ಡೆರಮನ್ ಅವರ ಮುಖ ನೋಡಿದರು. ಗೇಲಿಯಿರಲಿಲ್ಲ.

ಮೊದಲ ದಿನ ಜುಸೋ ಮೇಲಿಂದ ಅದುಮಿದರು. ಲಾದಾ ಅವರ ಹೆಬ್ಬೆರಳು ಕಚ್ಚಿತು. ಎಲೆಯಡಿಕೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ ಮಾಕ್ ಸೆಪಿಯಾಗೆ ನಗು ತಡೆಯಲಾಗಲಿಲ್ಲ. "ಅದು ನಿನ್ನ ಎಮ್ಮೆ ಮೂಗುದಾರ ಅಲ್ಲ ಕಣೋ ಜುಸೋ. ಪಪ್ಪಾಯಿ ಹಣ್ಣಾಗಿದೆಯಾ ಅಂತ ಮುಟ್ಟಿ ನೋಡ್ತೀಯಲ್ಲ, ಸಿಪ್ಪೆಗೆ ಗೊತ್ತಾಗಬಾರದು, ಹಾಗೆ." ಜುಸೋ ದಿನವೂ ಬಂದರು. ಆ ದಪ್ಪ ಬೆರಳುಗಳು ಮೊದಮೊದಲು ಕರುಳನ್ನೇ ಹಿಡಿದು ಕೂರುತ್ತಿದ್ದವು. ಡೆರಮನ್ ತಮ್ಮ ಕೈಯನ್ನು ಅವರ ಕೈ ಮೇಲಿಟ್ಟು, ಇದಲ್ಲ, ಇನ್ನೂ ಹಿಂದೆ, ಇನ್ನೂ ಸ್ವಲ್ಪ ಹಿಂದೆ ಎಂದು ಸರಿಸುತ್ತಿದ್ದರು. ಒಂದು ದಿನ ಸಿಕ್ಕಿತು. ಧಾರೆ ಚಿಪ್ಪು ದಾಟಿ ನೇರ ಜುಸೋ ತೊಡೆಯ ಮೇಲೆ ಬಿತ್ತು. ಹಳೆಯ ಜಗಳ ನೆನಪಾಗಿ ಡೆರಮನ್ ಒರೆಸುವ ಬಟ್ಟೆಗೆ ಕೈ ಚಾಚಿದರು.

"ಇದಕ್ಕೇ ಅಲ್ವಾ ಎರಡನೇ ಲುಂಗಿ ತಂದಿರೋದು," ಎಂದರು ಜುಸೋ, ಕೈ ತೆಗೆಯದೆ.

ಯಾಕೆ ಬಂದೆ ಎಂದು ಡೆರಮನ್ ಕೇಳಿರಲಿಲ್ಲ. ಅವತ್ತು ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತ ಜುಸೋ ತಾವಾಗಿಯೇ ಹೇಳಿದರು. "ತೊಟ್ಟಿ ಕಡೆ ಮೂಲೆಯ ಬಿದಿರಿಗೆ ಹೆಗಲು ಕೊಟ್ಟಿದ್ದೆ ನಾನು. ಹೆಗಲು ಉರೀತಿತ್ತು. ಎಲ್ಲರಿಗಿಂತ ಮೊದಲು ಬಗ್ಗಿಬಿಟ್ಟೆ."

"ಹೆಗಲು ಎಲ್ಲರೂ ಕೊಟ್ರು ಜುಸೋ. ಯಾರು ಯಾವ ಮೂಲೆ ಅಂತ ನಾನು ಯಾರನ್ನೂ ಕೇಳಿಲ್ಲ."

"ನೀನು ಕೇಳಲ್ಲ, ಅದೇ ಕಷ್ಟ," ಎಂದು ಜುಸೋ ಇನ್ನೊಂದು ಬಿಂದಿಗೆ ನೀರು ಸೇದಿದರು. ಈ ಮಾತನ್ನು ಈಗ ನೆನೆಸಿಕೊಂಡು ಹೇಳುವಾಗಲೂ ಡೆರಮನ್ ದನಿ ತಗ್ಗುತ್ತದೆ.

ಹೊರಡುವ ದಿನ ಹತ್ತಿರ ಬಂದಿದೆ. ಹಜ್‌ಗೆ ಹೋಗುವವರ ಮನೆಗೆ ಊರವರು ತಮ್ಮ ತಮ್ಮ ಬೇಡಿಕೆ ಹೊತ್ತು ಬರುತ್ತಿದ್ದಾರೆ. ಅಲ್ಲಿ ನಮ್ಮ ಹೆಸರು ಹೇಳಿ ಕೇಳಿಕೊಳ್ಳಿ ಎಂದು. ಒಬ್ಬಳಿಗೆ ಮಗು ಬೇಕು, ಒಬ್ಬನಿಗೆ ಕಡಲಿಗೆ ಹೋದ ತಮ್ಮ ಕ್ಷೇಮವಾಗಿ ಬರಬೇಕು. ಮಾಕ್ ಸೆಪಿಯಾಗೆ ನಿದ್ದೆಯಲ್ಲೇ ಸಾವು ಬರಬೇಕು. ಮೆಕ್ ಯಾಂಗ್ ಎಲ್ಲವನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದಾರೆ.

ಮೂರನೇ ನಮಾಜಿಗೆ ಇನ್ನೂ ಸ್ವಲ್ಪ ಹೊತ್ತಿದೆ. ಹಗ್ಗದ ಮೇಲೆ ಕಂದು ಲುಂಗಿಯ ಪಕ್ಕ ಜುಸೋ ಅವರದೊಂದು ಹಸಿರು ಲುಂಗಿಯೂ ಗಾಳಿಗೆ ಆಡುತ್ತಿದೆ. ಮೆಟ್ಟಿಲ ಪಕ್ಕದಲ್ಲಿ ಜುಸೋ ಕುಕ್ಕರಗಾಲಲ್ಲಿ ಕೂತು ತಡಕುತ್ತಿದ್ದಾರೆ. ಈಗ ಅವರೊಬ್ಬರೇ ಮಾಡಬೇಕು ಎಂದು ಕರಾರು. ಡೆರಮನ್ ಎರಡು ಮೆಟ್ಟಿಲು ಮೇಲೆ, ಕೈ ಮಂಡಿಯ ಮೇಲಿಟ್ಟು ಕೂತಿದ್ದಾರೆ. ಆದರೂ ಅವರ ಬಲಗೈ ಬೆರಳುಗಳು ತಾವೇ ಸೇರಿಕೊಂಡು, ಬರಿಗಾಳಿಯಲ್ಲಿ ಮೆಲ್ಲಗೆ ಒತ್ತುತ್ತಿವೆ. ಚಿಪ್ಪಿನಲ್ಲಿ ಧಾರೆಯ ಸದ್ದಾದಾಗ ಅವು ನಿಲ್ಲುತ್ತವೆ.

ಎಲ್ಲರದ್ದೂ ಆಯಿತು, ನೀವು ನಿಮಗಾಗಿ ಏನು ಬೇಡುತ್ತೀರಿ ಎಂದರೆ ಡೆರಮನ್ ನಾಚಿಕೊಳ್ಳುತ್ತಾರೆ. "ಅಷ್ಟು ದೂರ ಹೋಗಿ, ಅಂಥಾ ಜಾಗದಲ್ಲಿ ನಿಂತು, ಬೆಕ್ಕಿನ ಉಚ್ಚೆ ವಿಷಯ ಎತ್ತೋದು ಹೇಗೆ?"

ಕೆಳಗೆ ಜುಸೋ ಪೆಟ್ಟಿಗೆಯಲ್ಲಿ ಹೊಸ ಬಟ್ಟೆ ಹಾಸಿ, ಮಡಿಕೆ ಉಳಿಯದಂತೆ ಅಂಗೈಯಿಂದ ಎರಡೆರಡು ಸಲ ಸವರುತ್ತಿದ್ದಾರೆ. ಡೆರಮನ್ ಅದನ್ನು ನೋಡುತ್ತ ಕೂರುತ್ತಾರೆ.

"ಆದ್ರೂ ಕೇಳ್ತೀನಿ," ಎನ್ನುತ್ತಾರೆ. "ನಾನು ಬರೋವರೆಗೆ ಇರಲಿ ಅಂತ ಕೇಳಲ್ಲ. ಅವಳಿಗೂ ವಯಸ್ಸಾಯ್ತು, ನನಗೂ ಆಯ್ತು. ಇರೋ ಅಷ್ಟು ದಿನ ಒದ್ದೇಲಿ ಮಲಗೋದು ಬೇಡ. ಅಷ್ಟೆ."