ತಂತಿಯ ಮೇಲೆ ಅಂಗೈ

ನಾನು ಏಳನೆಯ ಇಯತ್ತೆಯಲ್ಲಿದ್ದ ದಿನಗಳಲ್ಲಿ ನಮ್ಮ ರಾವೂರಿನಲ್ಲಿ ನೆಲಕ್ಕೆ ಹಾಸುವ ಪರಸಿಕಲ್ಲನ್ನು ಮಾರುವ ಮೊದಲು ಬಡಿದು ನೋಡುತ್ತಿದ್ದರು. ಪಾಲಿಶ್ ಮಶೀನಿನಿಂದ ಇಳಿದ ಕಲ್ಲುಗಳನ್ನು ಗೋಡೆಗೆ ಸಾಲಾಗಿ ಆನಿಸಿ ನಿಲ್ಲಿಸಿರುತ್ತಿದ್ದರು. ಒಬ್ಬ ಮನುಷ್ಯ ಸಣ್ಣ ಸುತ್ತಿಗೆ ಹಿಡಿದು ಒಂದೊಂದಕ್ಕೂ ಒಂದೊಂದು ಪೆಟ್ಟು ಕೊಡುತ್ತ ಹೋಗುತ್ತಿದ್ದ. ಠಣ್ ಎಂದರೆ ಕಲ್ಲು ಗಟ್ಟಿ; ಸೀಮೆಸುಣ್ಣದಿಂದ ಅದರ ಮೇಲೊಂದು ಗೆರೆ. ಠಪ್ ಎಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕು. ಅದಕ್ಕೆ ಗೆರೆ ಇಲ್ಲ, ಹಮಾಲರು ಅದನ್ನು ಲಾರಿಗೆ ಏರಿಸುತ್ತಿರಲಿಲ್ಲ.

ಆ ಮನುಷ್ಯ ನಮ್ಮಪ್ಪ. ಹೆಸರು ಮರೆಪ್ಪ. ಊರವರು ಕರೆಯುತ್ತಿದ್ದುದು ಕಿವಿ ಮರೆಪ್ಪ ಎಂದು. ಸೀಮೆಸುಣ್ಣಕ್ಕೆ ನಮ್ಮ ಕಡೆ ಖಡು ಅನ್ನುತ್ತಾರೆ. ಒಂದು ಖಡು ಸದಾ ಅವನ ಬಲಗಿವಿಯ ಮೇಲೆ ಸಿಕ್ಕಿಸಿರುತ್ತಿತ್ತು.

ನಾವು ಓಣಿಯ ಹುಡುಗಿಯರು ರಜೆಯಲ್ಲಿ ಅದೇ ಆಟ ಆಡುತ್ತಿದ್ದೆವು. ಕಣ್ಣಿಗೆ ಓಢಣಿ ಕಟ್ಟಿಕೊಂಡು ಒಬ್ಬಳು ಕೂರಬೇಕು, ಇನ್ನೊಬ್ಬಳು ಕಲ್ಲು ಬಡಿಯಬೇಕು, ಗಟ್ಟಿಯೋ ಒಡಕೋ ಹೇಳಬೇಕು. ತಪ್ಪು ಹೇಳಿದವಳು ಒಂದು ಹಿಡಿ ಹುರಿದ ಶೇಂಗಾ ಕೊಡಬೇಕು. ನಾನು ಶೇಂಗಾ ಕೊಟ್ಟದ್ದು ನೆನಪಿಲ್ಲ, ತಿಂದದ್ದು ನೆನಪಿದೆ. ಹಸಿ ಕಲ್ಲಿನ ಕೆಸರಿನ ವಾಸನೆಯೂ ಆ ಶೇಂಗಾದ ರುಚಿಯೂ ನನ್ನಲ್ಲಿ ಇಂದಿಗೂ ಬೇರೆಬೇರೆಯಾಗಿಲ್ಲ.

ಆ ವರ್ಷ ವಾಡಿಯಲ್ಲಿ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗ್ ದಿನ ರೈಲ್ವೆ ಕಾಲನಿಯ ಒಬ್ಬ ಹುಡುಗಿ ಗಿಟಾರ್ ಬಾರಿಸಿದಳು. ಕಾರ್ಯಕ್ರಮ ಮುಗಿದ ಮೇಲೆ ಕೇಳಿಕೊಂಡು ಒಮ್ಮೆ ಹಿಡಿದುಕೊಂಡೆ. ದಪ್ಪನೆಯ ತಂತಿಯನ್ನು ಒಮ್ಮೆ ಮೀಟಿದೆ. ಸದ್ದು ಕಿವಿಗೆ ಬರುವ ಮೊದಲೇ ಎದೆಗೆ ಬಂತು.

ಏಪ್ರಿಲ್ ಜಯಂತಿಗೆ ನಮ್ಮ ಬುದ್ಧ ವಿಹಾರದಲ್ಲಿ ಹಾಡುವ ಮೇಳ ಇತ್ತು. ಹಾರ್ಮೋನಿಯಂ, ಡೋಲಕ್, ತಾಳ ಎಲ್ಲ ಇದ್ದವು. ಅದರಲ್ಲಿ ನಾನು ಗಿಟಾರ್ ಬಾರಿಸಬೇಕೆಂದು ಮನೆಯಲ್ಲಿ ಹೇಳಿದೆ.

"ಗಿಟಾರ್ ಅಂತ ಗಿಟಾರ್! ಮೊದಲ ರೊಟ್ಟಿ ಬಡಿಯೋದು ಕಲೀ" ಎಂದಳು ಅವ್ವ, ಜೋರಾಗಿ. ಅವಳು ಆಗೆಲ್ಲ ಜೋರಾಗಿಯೇ ಮಾತಾಡುತ್ತಿದ್ದಳು.

ಅಪ್ಪ ನಕ್ಕ. "ರೊಟ್ಟಿನೂ ಬಡೀತಾಳ, ಗಿಟಾರನೂ ಬಡೀತಾಳ. ನಾ ಕಲ್ಲು ಬಡಿಯಾಂವ. ಬಡಿಯೋ ಮಂದೀನೇ ಅಲ್ಲೇನು ನಾವು?" ಆಮೇಲೆ ನನ್ನತ್ತ ತಿರುಗಿದ. "ಸುಜೀ, ಎರಡು ಸಾವಿರದಾಗ ಬಂದ್ರ ತರೋಣ. ಅದರ ಮ್ಯಾಲ ಆಗಂಗಿಲ್ಲ. ಆದ್ರ ಬಡದು ನೋಡೇ ತರೋದು. ಒಡಕ ಸಾಮಾನು ಮನಿಗೆ ಬ್ಯಾಡ."

ಒಂದು ರವಿವಾರ ಟಂಟಂ ಹತ್ತಿ ವಾಡಿಗೆ, ಅಲ್ಲಿಂದ ಪ್ಯಾಸೆಂಜರ್ ಗಾಡಿಯಲ್ಲಿ ಶಹಾಬಾದಿಗೆ ಹೋದೆವು. ಹಾರ್ಮೋನಿಯಂ, ಡೋಲಕ್ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ ಅಲ್ಲಿತ್ತು. ಒಳಗೆ ಚರ್ಮದ, ವಾರ್ನಿಶಿನ ವಾಸನೆ. ಅಂಗಡಿಯ ಮುದುಕರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ನಮ್ಮ ಹಣಕ್ಕೆ ಸಿಗುವ ಗಿಟಾರುಗಳು ಅವರಲ್ಲಿ ಎರಡೇ. ಒಂದು ಹೊಸದು, ಕೆಂಪು, ಮುಖ ಕಾಣುವಷ್ಟು ಹೊಳಪು. ಇನ್ನೊಂದು ಯಾರೋ ಬಳಸಿ ಬಿಟ್ಟದ್ದು, ಕಂದು, ಅಂಚಿನಲ್ಲಿ ಬಣ್ಣ ಹೋಗಿತ್ತು, ಒಂದು ಕಿವಿ ಮುರಿದು ಬೇರೆ ಕಿವಿ ಹಾಕಿದ್ದರು. ಗಿಟಾರಿನಲ್ಲಿ ತಂತಿ ಬಿಗಿಯುವ ತಿರುಪಿಗೂ ಕಿವಿ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಅಂದೇ.

ನನ್ನ ಕಣ್ಣು ಕೆಂಪಿನ ಮೇಲೆ ಬಿದ್ದಿತ್ತು. ಅಪ್ಪ ಅದನ್ನು ನೋಡಿದ.

"ಬಡದು ನೋಡಬಹುದೇನ್ರಿ ಚಾಚಾ?"

"ನೋಡ್ರಿ ನೋಡ್ರಿ. ಡೋಲಕ್ ತಗೊಳೋರು ಬಡೀತಾರ. ಗಿಟಾರ್ ಬಡಿಯೋರನ್ನ ನಿಮ್ಮನ್ನೇ ನೋಡಾಕತ್ತೀನಿ."

ಅಪ್ಪ ಬೆರಳು ಮಡಿಚಿ ಕೆಂಪು ಗಿಟಾರಿನ ಹೊಟ್ಟೆಯ ಮೇಲೆ ಮೂರು ಕಡೆ ಬಡಿದ. ಮೊದಲೆರಡು ಕಡೆ ಸರಿ ಇತ್ತು. ಮೂರನೆಯ ಕಡೆ ಠಪ್ ಅಂದಿತು. ಅದರ ಹಿಂದೆಯೇ ಒಳಗೆ ಏನೋ ಸಣ್ಣಗೆ ಅದುರಿತು. ಆಟದಲ್ಲಾಗಿದ್ದರೆ ನಾನು ಕಣ್ಣು ಕಟ್ಟಿಕೊಂಡೇ ಒಡಕು ಎಂದು ಕೂಗುತ್ತಿದ್ದೆ.

"ಗಟ್ಟಿ ಅದ" ಎಂದ ಅಪ್ಪ.

ನಾನು ಚಾಚಾನ ಮುಖ ನೋಡಿದೆ. ಚಾಚಾ ನನ್ನ ಮುಖ ನೋಡಿದರು. ಅವರು ಎದ್ದು ಅಪ್ಪನ ಬೆನ್ನ ಹಿಂದೆ ಹೋಗಿ, "ಅಣ್ಣಾರ, ಚಾ ತರಸಲೇನು?" ಎಂದರು. ಅಪ್ಪ ತಿರುಗಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕೇಳಿದರು. ಅಪ್ಪ ಗಿಟಾರನ್ನೇ ಸವರುತ್ತಿದ್ದ.

"ಎಷ್ಟ ದಿನದಿಂದ ಹಿಂಗ, ಬೇಟಿ?" ಎಂದು ಚಾಚಾ ನನ್ನನ್ನು ಮೆಲ್ಲಗೆ ಕೇಳಿದರು.

ಅವ್ವ ಯಾಕೆ ಜೋರಾಗಿ ಮಾತಾಡುತ್ತಾಳೆ, ಅಪ್ಪ ಯಾಕೆ ಎದುರಿನವರ ಬಾಯಿಯನ್ನೇ ನೋಡುತ್ತಾನೆ, ಎರಡೂ ಆಗ ಒಟ್ಟಿಗೆ ತಿಳಿದವು. ಇಪ್ಪತ್ತು ವರ್ಷ ಕಲ್ಲು ಕೊಯ್ಯುವ ಮಶೀನಿನ ಪಕ್ಕದಲ್ಲಿ ನಿಂತ ಕಿವಿ ಅದು. ಆ ಕಿವಿಯಿಂದಲೇ ನಮ್ಮ ಮನೆ ನಡೆಯುತ್ತಿತ್ತು. ಒಡಕು ಎಂದು ನಾನು ಆ ಅಂಗಡಿಯಲ್ಲಿ ಹೇಳಿದರೆ ಕಿವಿ ಮರೆಪ್ಪನ ಕಿವಿ ಹೋಗಿದೆ ಎಂದು ಹೇಳಿದಂತೆ.

ನಾನು ಅಪ್ಪನ ಎದುರಿಗೆ ಹೋಗಿ ನಿಂತೆ. "ಅಪ್ಪಾ, ನನಗ ಈ ಬಣ್ಣ ಬ್ಯಾಡ. ಭಾಳ ಕೆಂಪದ. ಹುಡುಗೀರು ನಗ್ತಾರ. ಕಂದುದೇ ಇರಲಿ."

ಅಪ್ಪ ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಕಂದು ಗಿಟಾರನ್ನು ಬಡಿದ. ಎಲ್ಲ ಕಡೆ ಒಂದೇ ಸದ್ದು ಬಂತು, ತುಂಬಿದ ಸದ್ದು. ಚಾಚಾ ಅದಕ್ಕೆ ಎರಡು ಸಾವಿರಕ್ಕಿಂತ ಕಡಿಮೆಯೇ ತೆಗೆದುಕೊಂಡು ಒಂದು ಸೆಟ್ ತಂತಿ ಮೇಲೆ ಕೊಟ್ಟರು. ಕೆಂಪನ್ನು ಇಳಿಸಿ ರಿಪೇರಿ ಸಾಮಾನಿನ ಜೊತೆ ಇಟ್ಟದ್ದನ್ನು ನಾನು ನೋಡಿದೆ.

ವಾಡಿ ಸ್ಟೇಷನ್ನಿನಲ್ಲಿ ಕಲ್ಲಿನ ಬೆಂಚಿನ ಮೇಲೆ ಕುಳಿತು ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದೆವು. ಗಾಡಿಯೊಂದು ಹೋಗುವ ತನಕ ಕಾದು ಅಪ್ಪ ಕೇಳಿದ, "ಕೆಂಪದರಾಗ ಒಡಕ ಇತ್ತಲ್ಲಾ?"

ನಾನು ಹೌದೆಂದು ತಲೆಯಾಡಿಸಿದೆ.

"ನಾ ಗಟ್ಟಿ ಅದ ಅಂದಾಗ ನೀ ಚಾಚಾನ ಕಡೆ ನೋಡಿದಿ. ಮೊದಲ ಕಿವೀಲೆ ಕೇಳ್ತಿದ್ದೆ, ಈಗ ಮಂದಿ ಮಾರಿ ನೋಡಿ ಕೇಳಾಕತ್ತೀನಿ." ರೊಟ್ಟಿಯ ಚೂರನ್ನು ಮಡಿಸಿದ. "ಸಾಹುಕಾರಗ ಗೊತ್ತಾಗಬಾರದು ಸುಜೀ. ಯಾರ ಮುಂದೂ ಅನಬ್ಯಾಡ."

ಮಾರ್ಚಿನಲ್ಲಿ ಪರೀಕ್ಷೆ ಮುಗಿದಾಗ ಉಪಾಯ ಹೇಳಿದವಳು ನಾನೇ. ಕಲ್ಲಿನ ಸಾಲಿಗೆ ಎದುರಾಗಿ ಒಂದು ಬೇವಿನ ಮರ ಇತ್ತು. ದಿನವೂ ಅದರ ಕೆಳಗೆ ಗಿಟಾರ್ ಹಿಡಿದು ಕೂರುತ್ತಿದ್ದೆ. ಅಪ್ಪ ಒಂದು ಕಲ್ಲಿಗೆ ಬಡಿದು ನನ್ನತ್ತ ನೋಡುತ್ತಿದ್ದ. ಗಟ್ಟಿಯಾದರೆ ನಾನು ಬಾರಿಸುತ್ತಲೇ ಇರುತ್ತಿದ್ದೆ. ಒಡಕಾದರೆ ತಂತಿಗಳ ಮೇಲೆ ಅಂಗೈ ಚಾಚಿ ಇಡುತ್ತಿದ್ದೆ. ಅಂಗೈ ಕಂಡರೆ ಅಪ್ಪ ಗೆರೆ ಎಳೆಯದೆ ಮುಂದೆ ಹೋಗುತ್ತಿದ್ದ. ನೋಡಿದವರಿಗೆ ಹುಡುಗಿಯೊಬ್ಬಳು ಗಿಟಾರ್ ಕಲಿಯುತ್ತಿದ್ದಾಳೆ, ಅಷ್ಟೆ.

"ಮರೆಪ್ಪಾ, ನಿನ್ನ ಮಗಳು ಬಾರಸಾಕತ್ತಿದ್ದು ಹಾಡೋ, ಎಮ್ಮಿ ಕೂಗೋ?" ಎಂದು ಹಮಾಲ ತಿಪ್ಪಣ್ಣ ಕಾಕಾ ದಿನಕ್ಕೊಮ್ಮೆ ಕೇಳುತ್ತಿದ್ದ. ಅಪ್ಪ ಅವನ ಬಾಯಿ ನೋಡಿ ನಗುತ್ತಿದ್ದ.

ಮೂರು ವಾರ ಒಂದೂ ತಪ್ಪಲಿಲ್ಲ.

ಜಯಂತಿಗೆ ಇನ್ನು ಐದು ದಿನ ಇತ್ತು. ಬೆರಳು ಎಲ್ಲಿಡಬೇಕೆಂದು ರೈಲ್ವೆ ಕಾಲನಿಯ ಹುಡುಗಿ ನನಗೆ ಕಾಗದದ ಮೇಲೆ ಚುಕ್ಕಿ ಇಟ್ಟು ಬರೆದುಕೊಟ್ಟಿದ್ದಳು. ಅದರಲ್ಲಿ ಒಂದು ಹಿಡಿತ ನನಗೆ ಕೂರುತ್ತಿರಲಿಲ್ಲ. ಎಡಗೈಯ ಮೂರು ಬೆರಳು ಮೂರು ತಂತಿಯ ಮೇಲೆ ಒಟ್ಟಿಗೆ ಬೀಳಬೇಕು, ಉಂಗುರದ ಬೆರಳು ಜಾರುತ್ತಿತ್ತು. ನಾನು ಆ ಬೆರಳನ್ನೇ ನೋಡುತ್ತಿದ್ದೆ. ಅಪ್ಪ ಒಂದು ಕಲ್ಲಿಗೆ ಬಡಿದ. ಠಪ್ ಸದ್ದು ನನ್ನ ಕಿವಿಗೆ ಬಿದ್ದಿರಲಿಕ್ಕೂ ಸಾಕು. ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ನನ್ನ ಬಲಗೈ ತಂತಿಯ ಮೇಲೆ ಇರಲಿಲ್ಲ. ತಲೆ ಎತ್ತಿದಾಗ ಅಪ್ಪ ಆ ಕಲ್ಲಿನ ಮೇಲೆ ಗೆರೆ ಎಳೆದು ಮುಂದಿನದಕ್ಕೆ ಹೋಗಿದ್ದ.

ಮಧ್ಯಾಹ್ನ ಲಾರಿ ಬಂತು. ತಿಪ್ಪಣ್ಣ ಕಾಕಾ ಆ ಕಲ್ಲನ್ನು ಎದೆಗೆ ಒತ್ತಿಕೊಂಡು ಎತ್ತಿದ. ನಾಲ್ಕು ಹೆಜ್ಜೆ ಇಟ್ಟ. ಐದನೆಯದರಲ್ಲಿ ಕಲ್ಲು ನಡುವೆ ಸೀಳಿತು. ಮೇಲಿನ ಅರ್ಧ ಅವನ ಕೈಯಲ್ಲೇ ಉಳಿಯಿತು, ಕೆಳಗಿನ ಅರ್ಧ ಅವನ ಎಡಗಾಲಿನ ಮೇಲೆ ಬಿತ್ತು. ಅವನು ಕೈಯಲ್ಲಿದ್ದ ಅರ್ಧವನ್ನು ಜೋಪಾನವಾಗಿ ನೆಲಕ್ಕೆ ಇಳಿಸಿ, ಆಮೇಲೆ ಕುಳಿತ. ಬಿಳಿ ಕೆಸರಿನಲ್ಲಿ ರಕ್ತ ಹರಡಿದ್ದನ್ನು ನಾನು ನೋಡಿದೆ. ಗಿಟಾರ್ ನನ್ನ ತೊಡೆಯ ಮೇಲೆಯೇ ಇತ್ತು.

ಸಾಹುಕಾರರು ಓಡಿ ಬಂದರು. ಒಡೆದ ಕಲ್ಲಿನ ಮೇಲೆ ಖಡುವಿನ ಗೆರೆ ನೋಡಿದರು. "ಏನೋ ಮರೆಪ್ಪ ಇದು?"

ನಾನು ಎದ್ದು ಹೋದೆ. ತಪ್ಪು ನನ್ನದು ಎಂದು ಹೇಳಲು ಬಾಯಿ ತೆರೆದೆ. ಅಪ್ಪ ನನ್ನ ಬಾಯಿಯನ್ನು ನೋಡಿದ. ಮಾತು ಹೊರಡುವ ಮೊದಲೇ ಅದೇನೆಂದು ಅವನಿಗೆ ತಿಳಿದಿರಬೇಕು. ನನ್ನ ಮುಂದೆ ಬಂದು ನಿಂತ.

"ನನಗ ಕಿವಿ ಕೇಳಂಗಿಲ್ರಿ, ಸಾವಕಾರ್ರ. ಆರು ತಿಂಗಳಾತು. ಮುಚ್ಚಿಟ್ಟಿದ್ದೆ. ತಪ್ಪು ನಂದು." ಕಿವಿಯ ಮೇಲಿನ ಖಡು ತೆಗೆದು ಅವರ ಕೈಗೆ ಕೊಟ್ಟ.

ತಿಪ್ಪಣ್ಣ ಕಾಕಾನ ಕಾಲಿನ ಎರಡು ಬೆರಳು ಹೋದವು. ಅಪ್ಪನಿಗೆ ಅಲ್ಲಿಯೇ ಕಲ್ಲು ತೊಳೆಯುವ ಕೆಲಸ ಸಿಕ್ಕಿತು, ಕೂಲಿ ಕಡಿಮೆ. ಗಿಟಾರ್ ವಾಪಸ್ ಕೊಟ್ಟು ಬರೋಣ ಎಂದು ನಾನು ಅತ್ತೆ. "ಗಟ್ಟಿ ಸಾಮಾನು ಯಾರರ ವಾಪಸ್ ಕೊಡ್ತಾರೇನು?" ಎಂದ ಅಪ್ಪ.

ಜಯಂತಿಯ ಸಂಜೆ ತಿಪ್ಪಣ್ಣ ಕಾಕಾ ಕಾಲಿಗೆ ಪಟ್ಟಿ ಕಟ್ಟಿಕೊಂಡು ವಿಹಾರಕ್ಕೆ ಬಂದು ಮುಂದಿನ ಸಾಲಿನಲ್ಲಿ ಕುಳಿತ. ಬೇವಿನ ಮರದ ಉಪಾಯವನ್ನು ನಾನು ಅವನ ಮನೆಗೆ ಹೋಗಿ ಹೇಳಿ ಬಂದಿದ್ದೆ. "ಯವ್ವಾ, ನಿನ್ನ ಗಿಟಾರಿಗೆ ಎರಡು ಬೆರಳು ಕೊಟ್ಟೀನಿ. ನಿನ್ನವು ಹತ್ತು ಅವ. ಚಂದಗೆ ಬಾರಸು" ಎಂದ. ಜನ ನಕ್ಕರು. ನಾನು ಬಾರಿಸಿದೆ. ಆ ಹಿಡಿತ ಅಂದು ಕೂತಿತು. ಅದರ ಖುಷಿ ನನಗೆ ಆಗಲಿಲ್ಲ.

ಈಗ ಮನೆ ಕಟ್ಟುವವರು ಟೈಲ್ಸ್ ಕೇಳುತ್ತಾರೆ. ಅಪ್ಪ ನಿಲ್ಲುತ್ತಿದ್ದ ಆ ಅಂಗಳದಲ್ಲಿ ಸಿಮೆಂಟಿನ ಇಟ್ಟಿಗೆ ಮಾಡುತ್ತಾರೆ. ಕಣ್ಣು ಕಟ್ಟಿಕೊಂಡು ಕಲ್ಲಿನ ಸದ್ದು ಹೇಳಬಲ್ಲ ಒಂದು ಮಗುವೂ ರಾವೂರಿನಲ್ಲಿ ಸಿಗಲಿಕ್ಕಿಲ್ಲ. ತಿಪ್ಪಣ್ಣ ಕಾಕಾ ಇಲ್ಲ. ಅಪ್ಪನಿಗೆ ಈಗ ಏನೂ ಕೇಳಿಸುವುದಿಲ್ಲ.

ಕಂದು ಗಿಟಾರ್ ನನ್ನಲ್ಲಿದೆ. ಊರಿಗೆ ಹೋದಾಗ ಅಪ್ಪನ ಎದುರಿಗೆ ಕುಳಿತು ಬಾರಿಸುತ್ತೇನೆ. ಹಾಡು ಮುಗಿದಾಗ ಸದ್ದು ನಿಲ್ಲಿಸಲು ಯಾರಾದರೂ ಮಾಡುವಂತೆ ತಂತಿಗಳ ಮೇಲೆ ಅಂಗೈ ಇಡುತ್ತೇನೆ. ಅಪ್ಪ ತಟ್ಟನೆ ತಲೆ ಎತ್ತುತ್ತಾನೆ. ಅವನ ಕೈ ಬಲಗಿವಿಯ ಮೇಲೆ ಹೋಗಿ, ಅಲ್ಲಿ ಏನೂ ಇಲ್ಲದೆ, ಕೆಳಗಿಳಿಯುತ್ತದೆ.

"ಒಡಕೇನು?" ಎಂದು ಕೇಳುತ್ತಾನೆ.

ನಾನು ಅಂಗೈ ತೆಗೆದು ಮತ್ತೆ ಮೊದಲಿನಿಂದ ಬಾರಿಸುತ್ತೇನೆ.